20 ವರ್ಷದೊಳಗಿನವರ ವಿಶ್ವ ಐಸ್ ಹಾಕಿಯಲ್ಲಿ ಭಾರತ ಯಾಕೆ ಕಾಣಿಸುವುದಿಲ್ಲ?

ಮೇಲಿನ ಹಂತದಲ್ಲಿ ಜಾಗ ಇರುವುದೇ 10 ತಂಡಗಳಿಗೆ, ಅದಕ್ಕೆ. ಹೆಸರು ಕೊಟ್ಟರೆ ಸಾಲದು. ಕೆಳಗಿನ ಹಂತ ಗೆದ್ದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಮ್ಮ ದಾವಣಗೆರೆ ಕಡೆಯ ಕ್ರಿಕೆಟ್ ಡಿವಿಷನ್ ಲೀಗ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಟೂರ್ನಿ ಕ್ರಿಸ್‌ಮಸ್ ಮರುದಿನ ಶುರುವಾಗಿ ಜನವರಿ ಮೊದಲ ವಾರದಲ್ಲಿ ಮುಗಿಯುತ್ತದೆ. ಐದೈದು ತಂಡಗಳ ಎರಡು ಗುಂಪು. ಪ್ರತಿ ಗುಂಪಿನ ಮೊದಲ ನಾಲ್ಕು ತಂಡ ಕ್ವಾರ್ಟರ್‌ಫೈನಲ್‌ಗೆ ಹೋಗುತ್ತವೆ. ಎರಡೂ ಗುಂಪಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡಗಳು ಪರಸ್ಪರ ಆಡುತ್ತವೆ, ಸೋತವರು ಮುಂದಿನ ವರ್ಷ ಕೆಳಗಿನ ಹಂತಕ್ಕೆ. 2025ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಕಜಕಿಸ್ತಾನ ಹೀಗೇ ಜರ್ಮನಿ ಎದುರು ಸೋತು ಇಳಿಯಿತು. ಅದರ ಜಾಗಕ್ಕೆ ಡೆನ್ಮಾರ್ಕ್ ಬಂತು. ಪದಕದ ಪಂದ್ಯಕ್ಕಿಂತ ಈ ಪಂದ್ಯದ ಒತ್ತಡವೇ ನನಗೆ ಜಾಸ್ತಿ ಅನಿಸುತ್ತದೆ.

ಭಾರತಕ್ಕಿರುವ ಕೊರತೆ ಮಂಜುಗಡ್ಡೆಯದು. ಲಡಾಖ್‌ನಲ್ಲಿ ಕೆರೆ ಹೆಪ್ಪುಗಟ್ಟುವುದು ಚಳಿಗಾಲದ ಕೆಲವೇ ವಾರ. ವರ್ಷವಿಡೀ ಆಡಲು ಒಳಾಂಗಣ ಅಂಕಣ ಬೇಕು. ಅದರಲ್ಲಿ ಕಾಂಕ್ರೀಟ್ ನೆಲದೊಳಗಿನ ಪೈಪ್‌ಗಳಲ್ಲಿ ಸೊನ್ನೆಗಿಂತ ತಣ್ಣಗಿನ ದ್ರವ ಹರಿಯುತ್ತಿರುತ್ತದೆ. ಮೇಲೆ ತೆಳುವಾಗಿ ನೀರು ಬಿಟ್ಟು, ಪದರ ಪದರವಾಗಿ ಗಟ್ಟಿ ಮಾಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಇದಕ್ಕೆ ಎಷ್ಟು ಕರೆಂಟ್ ಬೇಕಾದೀತು ಯೋಚಿಸಿ.

ದಾವಣಗೆರೆಯಲ್ಲಿ ರೋಲರ್ ಸ್ಕೇಟಿಂಗ್ ಕಲಿಯುತ್ತಿರುವ ಮಗ ಐಸ್ ಹಾಕಿ ಆಡಬಹುದಾ ಎಂದೂ ಕೇಳಿದ್ದೀರಿ. ಖಂಡಿತ ಆಡಬಹುದು, ಕಳಿಸಿ. ಇನ್‌ಲೈನ್ ಸ್ಕೇಟ್‌ನ (ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್) ಸಮತೋಲನ, ಕಾಲು ತಳ್ಳುವ ರೀತಿ ಅಲ್ಲೂ ಉಪಯೋಗಕ್ಕೆ ಬರುತ್ತವೆ. ಹೊಸದಾಗಿ ಕಲಿಯಬೇಕಾದ್ದು ಮುಖ್ಯವಾಗಿ ನಿಲ್ಲುವುದನ್ನು: ಐಸ್ ಮೇಲೆ ಎರಡೂ ಪಾದ ಅಡ್ಡ ತಿರುಗಿಸಿ, ಬ್ಲೇಡ್‌ನಿಂದ ಮಂಜು ಕೆರೆದು ನಿಲ್ಲುತ್ತಾರೆ.