ಓದುಗರ ಪ್ರಶ್ನೆ: ಹುಯೆ ನಗರ ಮತ್ತು ಬೈಕಿನ ಹಿಂದಿನ ಸೀಟು

ಹಿಂದಿನ ಸಂಚಿಕೆಯಲ್ಲಿ ಮಧ್ಯ ವಿಯೆಟ್ನಾಮಿನ ಹುಯೆ ನಗರದ ಬಗ್ಗೆ ಬರೆಯುವಾಗ, ‘ಈ ಊರನ್ನು ಬೈಕಿನಲ್ಲೇ ಸುತ್ತಬೇಕು’ ಎಂದು ಒಂದು ಸಾಲು ಸೇರಿಸಿದ್ದೆ. ಇಡೀ ಲೇಖನಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಸ್ಥಳೀಯರು ಆ ಊರಿನ ಹೆಸರನ್ನು ‘ಹ್ವೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾನು ಬರವಣಿಗೆಯಲ್ಲಿ ರೂಢಿಯಾಗಿರುವ ರೂಪವನ್ನೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಇಪ್ಪತ್ತು ವರ್ಷಗಳಿಂದ ಬೈಕ್ ಓಡಿಸುತ್ತಿದ್ದೇನೆ. ನಮ್ಮ ಆರ್‌ಟಿಒ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋದರೆ ಹುಯೆಯಲ್ಲಿ ಬಾಡಿಗೆ ಸ್ಕೂಟರ್ ಓಡಿಸಬಹುದಲ್ಲವೇ? (ದಾವಣಗೆರೆಯ ಓದುಗರು)

ಉತ್ತರ: ಬಾಡಿಗೆ ಅಂಗಡಿಯವರು ನಿಮ್ಮ ಪರವಾನಗಿಯನ್ನು ಕೇಳದೆಯೇ ಕೀಲಿಕೈ ಕೊಡುತ್ತಾರೆ. ಆದರೆ ಆ ದೇಶದ ಕಾನೂನು ನಿಮಗೆ ಆ ಅವಕಾಶವನ್ನು ಕೊಡುವುದಿಲ್ಲ. ಭಾರತ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರ ತಯಾರಾದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಎರಡೂ ಪುಸ್ತಿಕೆಗಳು ನೋಡಲು ಒಂದೇ ತೆರನಾಗಿರುವುದರಿಂದ ನಮ್ಮವರು ಬಹಳಷ್ಟು ಮಂದಿ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಪೊಲೀಸರು ತಡೆದು ದಂಡ ಹಾಕುವುದು ಇದರಲ್ಲಿ ಚಿಕ್ಕ ತೊಂದರೆ. ದೊಡ್ಡ ತೊಂದರೆಯೆಂದರೆ, ಮಾನ್ಯ ಪರವಾನಗಿಯಿಲ್ಲದೆ ಓಡಿಸಿ ಬಿದ್ದು ಕಾಲು ಮುರಿದುಕೊಂಡರೆ ಪ್ರವಾಸ ವಿಮೆಯ ಕಂಪನಿಗಳು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲನ್ನು ಕಟ್ಟುವುದಿಲ್ಲ ಎಂಬುದು.

50 ಸಿಸಿ ಮೀರದ ಪುಟ್ಟ ಬೈಕುಗಳಿಗೆ ಅಲ್ಲಿ ಪರವಾನಗಿ ಬೇಕಿಲ್ಲ. ಆದರೆ ಇಬ್ಬರನ್ನು ಕೂರಿಸಿಕೊಂಡು ಗುಡ್ಡದ ದಾರಿ ಹತ್ತುವಾಗ ಅದು ಏದುಸಿರು ಬಿಡುತ್ತದೆ. ಅದನ್ನೇ ಓಡಿಸುವುದಾದರೂ ಎರಡು ಸಂಗತಿಗಳು ನೆನಪಿರಲಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಸಾಗಬೇಕಾದ್ದರಿಂದ ನಮಗೆ ಬಲ ತಿರುವಿನಲ್ಲಿ ಇರುವ ಎಚ್ಚರ ಅಲ್ಲಿ ಎಡ ತಿರುವಿನಲ್ಲಿ ಬೇಕಾಗುತ್ತದೆ. ಮತ್ತು 2020ರಿಂದ ಮದ್ಯದ ವಿಷಯದಲ್ಲಿ ಶೂನ್ಯ ಮಿತಿ ಜಾರಿಯಲ್ಲಿದೆ. ಒಂದು ಲೋಟ ಬಿಯರ್ ಕುಡಿದು ಓಡಿಸಿದರೂ ಅದು ಅಪರಾಧವೇ. 2025ರ ಜನವರಿಯಿಂದ ದಂಡಗಳು ವಿಪರೀತ ಏರಿವೆ. ಬೈಕಿನಲ್ಲಿ ಕೆಂಪು ದೀಪ ದಾಟಿದರೆ 40ರಿಂದ 60 ಲಕ್ಷ ಡಾಂಗ್. ರೂಪಾಯಿಗೆ ಸುಮಾರು 300 ಡಾಂಗ್ ಎಂದಿಟ್ಟುಕೊಂಡರೆ ಕನಿಷ್ಠ ದಂಡವೇ ಹದಿಮೂರು ಸಾವಿರ ರೂಪಾಯಿ ದಾಟುತ್ತದೆ.

ಹಾಗಾದರೆ ಬೈಕಿನಲ್ಲಿ ಸುತ್ತಿ ಎಂದು ನಾನೇಕೆ ಬರೆದೆ? ಹಿಂದಿನ ಸೀಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಅದನ್ನು ಸ್ಪಷ್ಟವಾಗಿ ಹೇಳದೇ ಹೋದದ್ದು ನನ್ನ ತಪ್ಪು. ವಿಯೆಟ್ನಾಮಿನಲ್ಲಿ ಬಾಡಿಗೆ ಬೈಕಿನವನನ್ನು ‘ಸೆ ಓಮ್’ ಎನ್ನುತ್ತಾರೆ. ‘ಸೆ’ ಎಂದರೆ ವಾಹನ, ‘ಓಮ್’ ಎಂದರೆ ತಬ್ಬಿಕೊಳ್ಳುವುದು. ಹೆಸರು ಹಾಗಿದ್ದರೂ ಯಾರೂ ತಬ್ಬಿಕೊಳ್ಳುವುದಿಲ್ಲ. ಸೀಟಿನ ಹಿಂದಿರುವ ಕಂಬಿಯನ್ನು ಹಿಡಿದು ಕೂರುತ್ತಾರೆ. ಹೋಟೆಲಿನವರ ಮೂಲಕ ಇಡೀ ದಿನಕ್ಕೆ ಒಬ್ಬ ಸವಾರನನ್ನು ಗೊತ್ತುಮಾಡಿಕೊಳ್ಳಬಹುದು. ಸಣ್ಣ ಓಡಾಟಕ್ಕೆ, ಬೈಕ್ ಕರೆಸಿಕೊಳ್ಳುವ ಗ್ರ್ಯಾಬ್ ಆ್ಯಪ್ ಸಾಕು. ನಾನು ಮೊದಲ ಸಲ ಹೋದಾಗ ತಿಳಿವಳಿಕೆಯಿಲ್ಲದೆ ಬಾಡಿಗೆ ಸ್ಕೂಟರ್ ಪಡೆದು, ಮೊದಲೇ ಇದ್ದ ಒಂದು ಗೀರಿಗೆ ಸಂಜೆ ಹಣ ತೆತ್ತು ಬಂದವನು. ಆ ದಿನವೆಲ್ಲ ನಾನು ನೋಡಿದ್ದು ಮುಂದಿನ ಬೈಕಿನ ಹಿಂದಿನ ದೀಪವನ್ನು ಮಾತ್ರ. ಮರುದಿನ ಹಿಂದೆ ಕುಳಿತು ಹೋದಾಗಲೇ, ನಾನು ದಾಟಿ ಬಂದಿದ್ದ ರಸ್ತೆಯುದ್ದಕ್ಕೂ ಕಮಲದ ಕೊಳಗಳಿದ್ದವು ಎಂದು ತಿಳಿದದ್ದು.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಇಬ್ಬರೂ ನಿವೃತ್ತ ಶಿಕ್ಷಕರು. ಅವಳಿಗೆ ಮೊಣಕಾಲು ನೋವಿದೆ. ಹುಯೆಯಲ್ಲಿ ನಮಗಿರುವುದು ಎರಡೇ ದಿನ. ಯಾವುದನ್ನು ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? (ಮೈಸೂರಿನ ಓದುಗರು)

ಉತ್ತರ: ಇಬ್ಬರಿಗೂ ಒಂದೊಂದು ಬೈಕ್, ಒಬ್ಬೊಬ್ಬ ಸವಾರ ಇರಲಿ. 2007ರ ಡಿಸೆಂಬರಿನಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಅವರು ಕೊಡುವ ಹೆಲ್ಮೆಟ್ ಹಲವು ಸಲ ತಟ್ಟೆಯಷ್ಟು ತೆಳುವಾಗಿರುತ್ತದೆ. ಗಟ್ಟಿಯಾದದ್ದನ್ನು ಕೇಳಿ ಪಡೆಯಿರಿ.

ಮೊದಲ ದಿನದ ಬೆಳಿಗ್ಗೆ ಕೋಟೆಗೆ ಮೀಸಲು. 1802ರಿಂದ 1945ರವರೆಗೆ ನ್ಗುಯೆನ್ ಅರಸರ ರಾಜಧಾನಿಯಾಗಿದ್ದ ಊರು ಇದು. ಹೊರಗೋಡೆಯ ಸುತ್ತಳತೆಯೇ ಸುಮಾರು ಹತ್ತು ಕಿಲೋಮೀಟರು. ಕೊನೆಯ ಅರಸ ಬಾವೊ ದಾಯ್ 1945ರ ಆಗಸ್ಟ್ 30ರಂದು ಪಟ್ಟ ತ್ಯಜಿಸಿದ್ದು ಅರಮನೆಯ ದಕ್ಷಿಣ ದ್ವಾರದ ಮೇಲೆ ನಿಂತು. ಒಳಗೆ ಹೋದರೆ ಕಟ್ಟಡಗಳಿಗಿಂತ ಖಾಲಿ ಹುಲ್ಲುಹಾಸೇ ಹೆಚ್ಚು ಕಾಣುತ್ತದೆ. 1947ರಲ್ಲಿ ಫ್ರೆಂಚರ ವಿರುದ್ಧದ ಯುದ್ಧ, ಆಮೇಲೆ 1968ರ ವಿಯೆಟ್ನಾಂ ಯುದ್ಧದಲ್ಲಿ ವಾರಗಟ್ಟಲೆ ನಡೆದ ಕಾದಾಟ ಬಹುಪಾಲನ್ನು ನೆಲಸಮ ಮಾಡಿದವು. ಈಗ ಒಂದೊಂದೇ ಕಟ್ಟಡ ಮತ್ತೆ ಎದ್ದು ನಿಲ್ಲುತ್ತಿದೆ. ಅರಸರ ಸಿಂಹಾಸನದ ಸಭಾಂಗಣವಾಗಿದ್ದ ಥಾಯ್ ಹೋವಾ ಅರಮನೆಯ ಜೀರ್ಣೋದ್ಧಾರ 2024ರ ನವೆಂಬರಿನಲ್ಲಿ ಮುಗಿಯಿತು. ಇಲ್ಲಿ ನಡಿಗೆ ಹೆಚ್ಚು, ಮೆಟ್ಟಿಲು ಕಡಿಮೆ. ಮಧ್ಯಾಹ್ನದ ನಂತರ ಸುಗಂಧ ನದಿಯ ದಂಡೆಯ ರಸ್ತೆಯಲ್ಲಿ ತಿಯೆನ್ ಮು ಬೌದ್ಧ ವಿಹಾರಕ್ಕೆ ಹೋಗಿ. 1601ರಲ್ಲಿ ಸ್ಥಾಪನೆಯಾದ ವಿಹಾರ, 1844ರ ಏಳು ಅಂತಸ್ತಿನ ಗೋಪುರ. ಹಿತ್ತಲಿನ ಒಂದು ಚಪ್ಪರದಡಿ ತಿಳಿನೀಲಿ ಬಣ್ಣದ ಹಳೆಯ ಆಸ್ಟಿನ್ ಕಾರೊಂದು ನಿಂತಿದೆ. ಭಿಕ್ಷು ತಿಚ್ ಕ್ವಾಂಗ್ ಡುಕ್ 1963ರ ಜೂನ್ 11ರಂದು ಸೈಗಾನ್ ನಗರದ ವೃತ್ತವೊಂದಕ್ಕೆ ಬಂದಿಳಿದದ್ದು ಈ ಕಾರಿನಲ್ಲೇ; ಅಲ್ಲಿ ಬೌದ್ಧರ ಮೇಲಿನ ದಬ್ಬಾಳಿಕೆಯನ್ನು ಪ್ರತಿಭಟಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಪದ್ಮಾಸನದಲ್ಲೇ ಸುಟ್ಟುಹೋದರು.

ಎರಡನೆಯ ದಿನ ರಾಜರ ಸಮಾಧಿಗಳು. ನಗರದ ದಕ್ಷಿಣಕ್ಕೆ ಗುಡ್ಡಗಳ ನಡುವೆ ಹರಡಿಕೊಂಡಿರುವ ಇವಕ್ಕಾಗಿಯೇ ಬೈಕ್ ಬೇಕಾಗುವುದು. ನನ್ನನ್ನು ಕೇಳಿದರೆ ತು ಡುಕ್ ಸಮಾಧಿಯನ್ನು ಬಿಡಬೇಡಿ, ಮಿನ್ ಮಾಂಗ್ ಸಮಾಧಿಯನ್ನು ಬಿಡಿ. ಎರಡನೆಯದು ಭವ್ಯವಾಗಿದೆ, ಆದರೆ ದೂರ, ಮತ್ತು ಮೊಣಕಾಲಿಗೆ ಉದ್ದ ನಡಿಗೆ. ತು ಡುಕ್ ಕವಿಯಾಗಿದ್ದ ಅರಸ. 1864ರಿಂದ 1867ರವರೆಗೆ ಕಟ್ಟಿಸಿದ ಈ ಸಮಾಧಿಯ ಆವರಣದಲ್ಲಿ, ಸಾಯುವುದಕ್ಕೆ ಮುಂಚೆಯೇ ಕೆರೆಯ ಪಕ್ಕದ ಮರದ ಮಂಟಪದಲ್ಲಿ ಕುಳಿತು ಪದ್ಯ ಬರೆಯುತ್ತಿದ್ದನಂತೆ. ಅಪ್ಪನ ಗುಣಗಾನದ ಶಿಲಾಶಾಸನವನ್ನು ಮಗ ಬರೆಸುವುದು ಅಲ್ಲಿಯ ಪದ್ಧತಿ; ಮಕ್ಕಳಿಲ್ಲದ ಈತ ತನ್ನ ಶಾಸನವನ್ನು ತಾನೇ ಬರೆದು, ಅದರಲ್ಲಿ ತನ್ನ ತಪ್ಪುಗಳನ್ನೂ ಒಪ್ಪಿಕೊಂಡ. ಈ ಪ್ರಶಾಂತ ಕೆರೆಯನ್ನು ತೋಡಿದ ಬಿಟ್ಟಿ ಕೆಲಸಗಾರರು 1866ರಲ್ಲಿ ದಂಗೆ ಎದ್ದಿದ್ದರು ಎಂಬುದನ್ನೂ ಸೇರಿಸಿಕೊಂಡೇ ಅದರ ಚೆಲುವನ್ನು ನೋಡಬೇಕು.

ಖಾಯ್ ದಿನ್ ಸಮಾಧಿಗೆ 127 ಮೆಟ್ಟಿಲುಗಳಿವೆ. ನಿಮ್ಮ ಶ್ರೀಮತಿಯವರಿಗೆ ಕಷ್ಟವೇ. ಆದರೆ ಮೆಟ್ಟಿಲುಗಳ ನಡುವೆ ಅಗಲವಾದ ಅಂಗಳಗಳಿರುವುದರಿಂದ ಕೂತು ಹತ್ತಬಹುದು. 1920ರಿಂದ 1931ರವರೆಗೆ ಕಾಂಕ್ರೀಟಿನಲ್ಲಿ ಕಟ್ಟಿದ ಇದು ಹೊರಗಿನಿಂದ ಕಪ್ಪಿಟ್ಟ ಕೋಟೆಯಂತೆ ಮಂಕಾಗಿದೆ. ಒಳಕ್ಕೆ ಕಾಲಿಟ್ಟೊಡನೆ ನಾಲ್ಕೂ ಗೋಡೆಗಳು ಮಿನುಗುತ್ತವೆ. ಹತ್ತಿರ ಹೋಗಿ ನೋಡಿದರೆ ಅಷ್ಟೂ ಹೂಬಳ್ಳಿಗಳು ಒಡೆದ ಪಿಂಗಾಣಿ ಚೂರು ಮತ್ತು ಬಣ್ಣದ ಗಾಜಿನಿಂದಾದವು. ಒಂದು ಎಲೆಯ ನಡುವೆ ಯಾವುದೋ ಬಟ್ಟಲಿನ ಅಂಚಿನ ನೀಲಿ ಗೆರೆ ಹಾಗೆಯೇ ಉಳಿದಿರುವುದು ಕಾಣುತ್ತದೆ.

ಇನ್ನು, ಮೈಸೂರಿನವರು ನಿಲ್ಲದೆ ಮುಂದೆ ಹೋಗಬಾರದ ಒಂದು ಜಾಗ ತು ಡುಕ್ ಸಮಾಧಿಯ ದಾರಿಯಲ್ಲೇ ಸಿಗುತ್ತದೆ. ತುಯ್ ಸುವಾನ್ ಅಗರಬತ್ತಿಯ ಊರು. ಕೆಂಪು, ಹಳದಿ, ನೇರಳೆ ಬಣ್ಣ ಹಚ್ಚಿದ ಬಿದಿರು ಕಡ್ಡಿಗಳ ಕಟ್ಟುಗಳನ್ನು ಬುಡದಲ್ಲಿ ಬಿಗಿದು ತುದಿಯನ್ನು ಬೀಸಣಿಗೆಯಂತೆ ಅರಳಿಸಿ ರಸ್ತೆಬದಿಯಲ್ಲಿ ಒಣಗಲು ನಿಲ್ಲಿಸಿರುತ್ತಾರೆ. ಅಂಗಡಿಯಾಕೆ ನಿಮ್ಮ ಕೈಗೂ ಒಂದು ಉಂಡೆ ಹಿಟ್ಟು ಕೊಟ್ಟು ಹಲಗೆಯ ಮೇಲೆ ಹೊಸೆಯಲು ಹೇಳಬಹುದು. ನಮ್ಮ ಊದುಬತ್ತಿ ಉದ್ಯಮಕ್ಕೆ ಬಿದಿರು ಕಡ್ಡಿಯೂ ಕಚ್ಚಾ ಬತ್ತಿಯೂ ಬಹುಕಾಲ ವಿಯೆಟ್ನಾಂ ಮತ್ತು ಚೀನಾದಿಂದ ಬರುತ್ತಿದ್ದವು. 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅಗರಬತ್ತಿಯ ಆಮದನ್ನು ನಿರ್ಬಂಧಿಸಿತು. ಮರುವರ್ಷ ಬಿದಿರು ಕಡ್ಡಿಯ ಮೇಲಿನ ಸುಂಕವನ್ನು ಶೇಕಡ 10ರಿಂದ 25ಕ್ಕೆ ಏರಿಸಿತು.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದ ಸಸ್ಯಾಹಾರಿಗಳು. ವಿಯೆಟ್ನಾಮಿನಲ್ಲಿ ಹಣ್ಣು, ಬ್ರೆಡ್ಡು ತಿಂದುಕೊಂಡೇ ಇರಬೇಕೇ? (ಶಿರಸಿಯ ಓದುಗರು)

ಉತ್ತರ: ಬೇರೆ ಊರಾಗಿದ್ದರೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ ಎನ್ನುತ್ತಿದ್ದೆ. ಹುಯೆ ವಿಹಾರಗಳ ಊರು. ಬೌದ್ಧರ ಸಸ್ಯಾಹಾರ ಇಲ್ಲಿ ಒಂದು ಪಳಗಿದ ಅಡುಗೆ ಕಲೆಯಾಗಿದೆ. ನೀವು ಕಲಿಯಬೇಕಾದ ಪದ ಒಂದೇ: ‘ಚಾಯ್’. ಅಂಗಡಿಯ ಫಲಕದಲ್ಲಿ ಆ ಪದವಿದ್ದರೆ ಅಲ್ಲಿ ಮೀನು, ಮಾಂಸ ಇಲ್ಲ. ನಮ್ಮ ಚಹಾ ಎಂದುಕೊಂಡು ಒಳಹೊಕ್ಕವರಿಗೆ ಊಟ ಸಿಗುತ್ತದೆ. ಕಟ್ಟುನಿಟ್ಟಿನ ಭಿಕ್ಷುಗಳು ಈರುಳ್ಳಿ, ಬೆಳ್ಳುಳ್ಳಿಯನ್ನೂ ವರ್ಜಿಸುವುದರಿಂದ ನಿಮ್ಮ ಕೋರಿಕೆ ಅಂಥ ಅಂಗಡಿಯವರಿಗೆ ಹೊಸದಲ್ಲ. ಆದರೂ ಪ್ರತಿ ಸಲ ಕೇಳಿಯೇ ತಿನ್ನಿ. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ, ಮಾಂಸಾಹಾರಿಗಳೂ ಚಾಯ್ ಊಟ ಮಾಡುತ್ತಾರೆ. ಪ್ರವಾಸವನ್ನು ಆ ದಿನಗಳಿಗೆ ಹೊಂದಿಸಿಕೊಂಡರೆ ಆಯ್ಕೆ ಹೆಚ್ಚು.

ಚಾಯ್ ಅಲ್ಲದ ಅಂಗಡಿಯಲ್ಲಿ ‘ಮಾಂಸ ಬೇಡ’ ಎಂದರೆ ಸಾಲದು. ಮೀನಿನ ಸಾರವನ್ನು ಅವರು ಉಪ್ಪಿನ ಲೆಕ್ಕದಲ್ಲಿ ಹಾಕುತ್ತಾರೆ. ಸಿಹಿ ಪಾಯಸದಂಥ ‘ಚೆ’ಯಲ್ಲೂ ಎಚ್ಚರ ಬೇಕು: ಕಮಲದ ಬೀಜದ ಚೆ ನಿಮಗೆ ಒಪ್ಪಿಗೆಯಾಗುತ್ತದೆ, ಆದರೆ ಮರಗೆಣಸಿನ ಹಿಟ್ಟಿನ ಉಂಡೆಯೊಳಗೆ ಹಂದಿಮಾಂಸ ತುಂಬಿ ಸಕ್ಕರೆ ಪಾಕದಲ್ಲಿ ಬಿಟ್ಟ ಚೆಯೂ ಹುಯೆಯ ವಿಶೇಷವೇ. ಕಾಫಿ ಕುಡಿಯುವವರಾದರೆ 2010ರ ಸುಮಾರಿಗೆ ಇದೇ ಊರಿನಲ್ಲಿ ಹುಟ್ಟಿದ ಉಪ್ಪು ಕಾಫಿಯನ್ನು ಒಮ್ಮೆ ಸವಿಯಿರಿ. ನಮ್ಮ ಫಿಲ್ಟರಿನ ಮೇಲಿನ ಅರ್ಧವನ್ನಷ್ಟೇ ತೆಗೆದು ಲೋಟದ ಮೇಲೆ ಕೂರಿಸಿದಂತಿರುವ ‘ಫಿನ್’ನಿಂದ ಡಿಕಾಕ್ಷನ್ ತೊಟ್ಟಿಕ್ಕುತ್ತದೆ, ಅದರ ಜೊತೆಗೆ ಸಿಹಿ ಹಾಲು, ಉಪ್ಪು ಬೆರೆಸಿದ ಕೆನೆ. ಉಪ್ಪು ನಾಲಿಗೆಗೆ ಉಪ್ಪಾಗಿ ತಿಳಿಯುವುದಿಲ್ಲ. ರೊಬಸ್ಟಾದ ಕಹಿಯ ಮೊನೆಯನ್ನು ಮಾತ್ರ ಮುರಿಯುತ್ತದೆ.

ಪ್ರಶ್ನೆ: ನಮಗೆ ಮೀನು, ಮಾಂಸ ಯಾವುದಕ್ಕೂ ಅಡ್ಡಿಯಿಲ್ಲ. ಹೋಟೆಲಿನ ಊಟ ಬಿಟ್ಟು ಬೀದಿಯಲ್ಲಿ ಏನು ತಿನ್ನಬೇಕು? ಮಳೆಗಾಲ ಯಾವಾಗ? (ಮಂಗಳೂರಿನ ಓದುಗರು)

ಉತ್ತರ: ನಿಮಗೆ ಮರುವಾಯಿ (ಚಿಪ್ಪುಮೀನು) ಗೊತ್ತಿರುವುದರಿಂದ ‘ಕಾಮ್ ಹೆನ್’ನಿಂದ ಶುರುಮಾಡಿ. ನದಿಯ ನಡುವಿನ ಕೊನ್ ಹೆನ್ ಎಂಬ ದ್ವೀಪದ ಹೆಸರೇ ಚಿಪ್ಪುಗಳ ದ್ವೀಪ ಎಂದು. ಕಿರುಬೆರಳಿನ ಉಗುರಿನಷ್ಟಿರುವ ಮರುವಾಯಿಯನ್ನು ಬೇಯಿಸಿ, ಆರಿದ ಅನ್ನದ ಮೇಲೆ ಹರಡಿ, ಬಾಳೆ ಹೂವು, ಕೆಸುವಿನ ಜಾತಿಯ ದಂಟು, ನೆಲಗಡಲೆ, ಹುರಿದ ಹಂದಿ ಚರ್ಮ, ಸಿಗಡಿಯ ಹುಳಿ ಗೊಜ್ಜು, ಮೆಣಸಿನಕಾಯಿ ಸೇರಿಸುತ್ತಾರೆ. ಬೇಯಿಸಿದ ಬಿಸಿ ನೀರನ್ನು ಬೇರೆ ಬಟ್ಟಲಿನಲ್ಲಿ ಕೊಡುತ್ತಾರೆ. ಇದು ಬೆಳಗಿನ ತಿಂಡಿ. ಮಜ್ಜಿಗೆಹುಲ್ಲಿನ ಘಮದ ‘ಬುನ್ ಬೊ ಹ್ವೆ’ ಎಂಬ ದನದ ಮಾಂಸದ ಶ್ಯಾವಿಗೆ ಸಾರು ಜಗತ್ತಿಗೆಲ್ಲ ಗೊತ್ತಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಂಜೆಗೆ ‘ಬಾನ್ ಬೆಯೊ’: ಪುಟ್ಟ ಪುಟ್ಟ ಸಾಸರುಗಳಲ್ಲೇ ಹಬೆಯಲ್ಲಿ ಬೇಯಿಸಿದ ಅಕ್ಕಿ ಹಿಟ್ಟಿನ ತೆಳು ಬಿಲ್ಲೆ, ಮೇಲೆ ಒಣ ಸಿಗಡಿಯ ಪುಡಿ. ಒಂದು ತಟ್ಟೆಗೆ ಹತ್ತಾರು ಸಾಸರುಗಳು ಬರುತ್ತವೆ. ಖಾಲಿಯಾದವನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುವುದೇ ಒಂದು ಖುಷಿ. ಬಾಳೆ ಎಲೆಯಲ್ಲಿ ಮಡಿಸಿ ಬೇಯಿಸಿದ ‘ಬಾನ್ ಲೊಕ್’ ಬಿಚ್ಚುವಾಗ ನಿಮಗೆ ಮನೆಯ ಎಲೆ ಕಡುಬು ನೆನಪಾಗದಿದ್ದರೆ ಹೇಳಿ.

ಮಳೆ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಜೋರು. ಅಕ್ಟೋಬರ್, ನವೆಂಬರಿನಲ್ಲಿ ನದಿ ಉಕ್ಕಿ ಬೀದಿಗೆ ಬರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಹಿತ. ಅಕಾಲದಲ್ಲಿ ಮಳೆ ಬಂದರೆ ನಿಮ್ಮ ಸವಾರ ಸೀಟಿನಡಿಯಿಂದ ಎರಡು ತಲೆತೂತುಗಳಿರುವ ಒಂದೇ ಪ್ಲಾಸ್ಟಿಕ್ ರೇನ್‌ಕೋಟ್ ತೆಗೆದು ಕೊಡುತ್ತಾನೆ; ಮುಂದಿನ ತೂತಿನಲ್ಲಿ ಅವನ ತಲೆ, ಹಿಂದಿನದರಲ್ಲಿ ನಿಮ್ಮದು. ಮುಂಭಾಗದಲ್ಲಿ ಹೆಡ್‌ಲೈಟಿನ ಬೆಳಕು ತೂರಲೆಂದು ಪಾರದರ್ಶಕ ತುಂಡೊಂದನ್ನು ಹೊಲಿದಿರುತ್ತಾರೆ.

ಪ್ರಶ್ನೆ: ಚಂಪಾ ಅರಸರ ಶೈವ ದೇಗುಲಗಳು ವಿಯೆಟ್ನಾಮಿನಲ್ಲಿವೆ ಎಂದು ಓದಿದ್ದೇನೆ. ಹುಯೆಯಿಂದ ಬೈಕಿನಲ್ಲಿ ಹೋಗಿ ನೋಡಬಹುದೇ? (ಬಾದಾಮಿಯ ಓದುಗರು)

ಉತ್ತರ: ನೀವು ಓದಿರುವುದು ಬಹುಶಃ ಮಿ ಸೊನ್ ದೇಗುಲಗಳ ಬಗ್ಗೆ. ಅಲ್ಲಿಗೆ ಹೋಗಲು 496 ಮೀಟರ್ ಎತ್ತರದ ಹಾಯ್ ವಾನ್ ಘಾಟಿಯನ್ನು ದಾಟಿ, ಹುಯೆಯಿಂದ ಸುಮಾರು 100 ಕಿಲೋಮೀಟರ್ ದೂರದ ದನಾಂಗ್ ತಲುಪಿ, ಅಲ್ಲಿಂದ ಮತ್ತೆ ಸುಮಾರು 70 ಕಿಲೋಮೀಟರ್ ಸಾಗಬೇಕು. ಒಂದೇ ದಿನದಲ್ಲಿ ಹೋಗಿ ಬರುವ ದೂರವಲ್ಲ. ದನಾಂಗ್ ಅಥವಾ ಹೊಯಿ ಆನ್‌ನಲ್ಲಿ ಉಳಿದುಕೊಂಡು ನೋಡಿ. ಆದರೆ ಹುಯೆಯ ನೆಲವೂ ಒಂದು ಕಾಲಕ್ಕೆ, ಈಗಿನ ವಿಯೆಟ್ನಾಮಿನ ನಡುಭಾಗದಲ್ಲಿದ್ದ ಚಂಪಾ ಎಂಬ ಬೇರೆ ರಾಜ್ಯದ್ದೇ. 1306ರಲ್ಲಿ ಚಂಪಾದ ಅರಸ ಜಯಸಿಂಹವರ್ಮ ವಿಯೆಟ್ನಾಮಿನ ರಾಜಕುಮಾರಿ ಹುಯೆನ್ ತ್ರಾನ್‌ಳನ್ನು ಮದುವೆಯಾಗಲು ಎರಡು ಪ್ರಾಂತ್ಯಗಳನ್ನು ಕನ್ಯಾಶುಲ್ಕವಾಗಿ ಬಿಟ್ಟುಕೊಟ್ಟ. ಹುಯೆ ಬೆಳೆದದ್ದು ಹಾಗೆ ಕೈಬದಲಾದ ನೆಲದಲ್ಲಿ.

ನಿಮಗೆ ನಾನು ಸೂಚಿಸುವುದು ಪ್ರವಾಸಿಗರು ಅಷ್ಟಾಗಿ ಹೋಗದ ಫು ದಿಯೆನ್ ಗೋಪುರವನ್ನು. 2001ರಲ್ಲಿ ಕಡಲ ತೀರದ ಮರಳು ದಿಬ್ಬವನ್ನು ಅಗೆಯುವಾಗ ಅಡಿಯಲ್ಲಿ ಹೂತಿದ್ದ ಇಟ್ಟಿಗೆಯ ಚಂಪಾ ಗುಡಿಯೊಂದು ಸಿಕ್ಕಿತು. ಅದನ್ನು 8ನೆಯ ಶತಮಾನದ್ದೆಂದು ಗುರುತಿಸಿದ್ದಾರೆ. ಅಂದರೆ ನಿಮ್ಮ ಪಕ್ಕದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಏಳುತ್ತಿದ್ದ ಶತಮಾನ. ಚಾಲುಕ್ಯರಿಗೆ ಕೈಗೆಟುಕುವಲ್ಲೇ ಮರಳುಗಲ್ಲಿನ ಬೆಟ್ಟಗಳಿದ್ದವು. ಈ ಮರಳು ದಂಡೆಯಲ್ಲಿ ಕಲ್ಲಿಲ್ಲ, ಆದ್ದರಿಂದ ಇಟ್ಟಿಗೆ. ಮೇಲ್ಭಾಗ ಉಳಿದಿಲ್ಲ. ಈಗ ಗಾಜಿನ ಮನೆಯೊಳಗೆ, ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿ ಅದು ನಿಂತಿದೆ. ನೀವು ಮೇಲಿನಿಂದ ಬಗ್ಗಿ ನೋಡಬೇಕು. ತುವಾನ್ ಆನ್ ತೀರದವರೆಗೆ ಹೋಗಿ ದಕ್ಷಿಣಕ್ಕೆ ತಿರುಗಿದರೆ ದಾರಿಯ ಎಡಕ್ಕೆ ದಿಬ್ಬಗಳಾಚೆ ಕಡಲು, ಬಲಕ್ಕೆ ಹಿನ್ನೀರು. ನಿಮ್ಮ ಸವಾರನಿಗೂ ಈ ಗೋಪುರದ ಹೆಸರು ಗೊತ್ತಿಲ್ಲದಿರಬಹುದು. ಹೊರಡುವ ಮುನ್ನ ‘ಥಾಪ್ ಚಾಮ್, ಫು ದಿಯೆನ್’ ಎಂದು ಚೀಟಿಯಲ್ಲಿ ಹೋಟೆಲಿನವರಿಂದ ಅವರ ಲಿಪಿಯಲ್ಲೇ ಬರೆಸಿಕೊಳ್ಳಿ.