ನಿಂತರೆ ಎಷ್ಟು ದಿನ?

ಓದುಗರ ಪ್ರಶ್ನೆ, ನಿವೃತ್ತ ಪಂಪ್‌ಹೌಸ್ ಎಂಜಿನಿಯರ್ ಉತ್ತರ
ಈ ಸಂಚಿಕೆಯ ವಿಷಯ: ನೆಲ, ಜಲ, ಹವಾಮಾನ ಮತ್ತು ದೇಶದ ಭದ್ರತೆ

ಗಡಿ ಕಾಯುವುದು ಸೈನ್ಯದ ಕೆಲಸ. ಮಳೆ ಬರುವುದು, ಬಿಡುವುದು ಪ್ರಕೃತಿಯ ಕೆಲಸ. ಎರಡನ್ನೂ ಏಕೆ ಗಂಟು ಹಾಕುತ್ತೀರಿ?
– ನಿವೃತ್ತ ಬ್ಯಾಂಕ್ ನೌಕರರು, ವಿಜಯನಗರ

ನಿಮ್ಮ ಮನೆಯ ನಲ್ಲಿಯಿಂದಲೇ ಶುರು ಮಾಡೋಣ. ಅದರಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಏರಿ ಬರುತ್ತದೆ. ಅಂಥ ಪಂಪುಗಳ ಸದ್ದಿನಲ್ಲಿಯೇ ನನ್ನ ನೌಕರಿ ಕಳೆಯಿತು. ಎಡಗಿವಿ ಈಗಲೂ ಮಂದ. 2022ರ ಸೆಪ್ಟೆಂಬರ್ ಮೊದಲ ವಾರ ಮಳೆ ಸುರಿದು ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿತು. ಹೊರವರ್ತುಲ ರಸ್ತೆಯಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋಗುತ್ತಿದ್ದ ಅದೇ ದಿನಗಳಲ್ಲಿ ನಗರದ ಅನೇಕ ಬಡಾವಣೆಗಳಿಗೆ ಕುಡಿಯುವ ನೀರಿರಲಿಲ್ಲ. ಮಳೆ ಹೆಚ್ಚಾಗಿ ನಲ್ಲಿಯ ನೀರು ನಿಂತಿತು! ಮುಂದೆ 2024ರ ಬೇಸಿಗೆಯಲ್ಲಿ ಮಳೆ ಕಡಿಮೆಯಾಗಿ ಕೊಳವೆಬಾವಿಗಳು ಬತ್ತಿದವು. ಎರಡು ಸಲವೂ ಯಾವ ಶತ್ರುವೂ ಬಂದಿರಲಿಲ್ಲ.

ಪಂಪ್‌ಹೌಸಿನಲ್ಲಿ ಹೊಸಬರಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ನಿಂತರೆ ಊರು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ದೇಶದ ಭದ್ರತೆಯನ್ನೂ ನಾನು ಹಾಗೆಯೇ ಅಳೆಯುತ್ತೇನೆ. ನೀರು, ಧಾನ್ಯ, ಎಣ್ಣೆ, ವಿದ್ಯುತ್ತು: ನಿಂತರೆ ಎಷ್ಟು ದಿನ? ಹವಾಮಾನ ಬದಲಾವಣೆ ಆ ದಿನಗಳನ್ನು ಒಂದೊಂದಾಗಿ ಸವೆಸುತ್ತಿದೆ.

ಸೈನ್ಯವನ್ನೂ ಸವೆಸುತ್ತಿದೆ. ಹಲಸೂರು ಕೆರೆಯ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆಯಲ್ಲ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಹಗಲಿರುಳು ದುಡಿದು 190 ಅಡಿಯ ಬೈಲಿ ಸೇತುವೆ (ಉಕ್ಕಿನ ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಸೇತುವೆ) ಕಟ್ಟಿದವರು ಅದರ ಸೈನಿಕರು. ಯುದ್ಧದಲ್ಲಿ ನದಿ ದಾಟಲು ಕಲಿತ ವಿದ್ಯೆ ಅದು. ಬೆಳ್ಳಂದೂರು ಕೆರೆ 2018ರ ಜನವರಿಯಲ್ಲಿ ಹೊತ್ತಿಕೊಂಡಾಗಲೂ ಬೆಂಕಿ ಆರಿಸಲು ಪಕ್ಕದ ಎಎಸ್‌ಸಿ (ಸೈನ್ಯದ ಸರಬರಾಜು ದಳ) ಕೇಂದ್ರದ ಸೈನಿಕರೇ ಇಳಿಯಬೇಕಾಯಿತು. (ಅದಕ್ಕೆ ಹವಾಮಾನವನ್ನು ದೂರಬೇಡಿ, ಅದು ನಮ್ಮ ನಿಮ್ಮ ಕೊಳಚೆ.) ನೆರೆ, ಭೂಕುಸಿತ, ಚಂಡಮಾರುತ ಎಂದು ಕರೆಗಳು ಹೆಚ್ಚಿದಷ್ಟೂ ಗಡಿಯ ತಯಾರಿಗೆ ಉಳಿಯುವ ಜನ, ಯಂತ್ರ, ಸಮಯ ಕಡಿಮೆ.

ಇನ್ನು ಗಡಿಯ ಮಾತು. ಸಿಯಾಚಿನ್‌ನಲ್ಲಿ 2016ರಲ್ಲಿ ಹಿಮದಡಿ ಆರು ದಿನ ಬದುಕಿದ್ದು, ಮೇಲೆತ್ತಿದ ಬಳಿಕ ತೀರಿಕೊಂಡ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರನ್ನು ಯಾರೂ ಮರೆತಿಲ್ಲ. ಆ ಒಂದು ಹಿಮಕುಸಿತವನ್ನು ಭೂಮಿ ಬಿಸಿಯಾಗುವುದರ ಖಾತೆಗೆ ಬರೆಯಲು ನಾನು ಸಿದ್ಧನಿಲ್ಲ. ಆದರೆ ಸಿಕ್ಕಿಮಿನ ಲೆಕ್ಕ ಬೇರೆ. ಹಿಮನದಿ ಕರಗಿ ಹಿಂದೆ ಸರಿದಂತೆ ದಕ್ಷಿಣ ಲೋನಾಕ್ ಸರೋವರ ದಶಕಗಳಿಂದ ಉಬ್ಬುತ್ತಿತ್ತು. 2023ರ ಅಕ್ಟೋಬರ್ 3ರ ರಾತ್ರಿ ದಂಡೆಯ ಮಣ್ಣುಗಲ್ಲಿನ ರಾಶಿ ಅದರೊಳಕ್ಕೆ ಜಾರಿತು, ಸರೋವರ ಒಡೆಯಿತು. ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವ್ಯಾಟ್ ಯೋಜನೆಯ ಅಣೆಕಟ್ಟು ಕೊಚ್ಚಿ ಹೋಯಿತು. 23 ಸೈನಿಕರು ಕಾಣೆಯಾದರು, ಬದುಕಿ ಸಿಕ್ಕವರು ಒಬ್ಬರೇ. ಸೈನ್ಯದ ಮದ್ದುಗುಂಡು ತೀಸ್ತಾ ನದಿಯಲ್ಲಿ ತೇಲಿ ಬಂಗಾಳದ ಜಲಪೈಗುಡಿಯವರೆಗೆ ಬಂದು, ಅಲ್ಲಿ ಒಂದು ಶೆಲ್ ಸಿಡಿದು ಊರವರ ಜೀವ ಹೋಯಿತು. ಚೀನಾದ ಗಡಿಗೆ ಹೋಗುವ ದಾರಿಯಲ್ಲಿ ನಡೆದದ್ದು ಇದು. ಎರಡನ್ನೂ ಗಂಟು ಹಾಕಿದವನು ನಾನಲ್ಲ, ಸ್ವಾಮಿ.

ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಾಯಿತು. ಇನ್ನು ಪಾಕಿಸ್ತಾನದ ನೀರನ್ನು ಪೂರ್ತಿ ನಿಲ್ಲಿಸಲು ತಡವೇಕೆ?
– ಪಿಯುಸಿ ವಿದ್ಯಾರ್ಥಿ, ಯಲಹಂಕ

ನಿಲ್ಲಿಸಿದ ನೀರನ್ನು ಎಲ್ಲಿಡುತ್ತೀಯಪ್ಪಾ? ಪಹಲ್ಗಾಮ್ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು ಸರ್ಕಾರ 1960ರ ಒಪ್ಪಂದವನ್ನು ತಡೆಹಿಡಿಯಿತು, ಸರಿ. ಆದರೆ ಸಿಂಧೂ, ಝೀಲಂ, ಚಿನಾಬ್ ಮೂರರಲ್ಲೂ ಸೇರಿ ವರ್ಷಕ್ಕೆ ಹರಿಯುವುದು 5,000 ಟಿಎಂಸಿಗೂ ಹೆಚ್ಚು. ಅವುಗಳ ಮೇಲೆ ಭಾರತ ಕಟ್ಟಿಕೊಳ್ಳಬಹುದು ಎಂದು ಆ ಒಪ್ಪಂದ ಬಿಟ್ಟುಕೊಟ್ಟಿದ್ದ ಸಂಗ್ರಹ 36 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 157 ಟಿಎಂಸಿ. ನಮ್ಮ ಕೆಆರ್‌ಎಸ್‌ನಂಥವು ಮೂರು. ಅಷ್ಟನ್ನೂ ನಾವು ಕಟ್ಟಿಲ್ಲ. ಬಗ್ಲಿಹಾರ್ ಮುಂತಾದವು ಹರಿಯುವ ನೀರಿನಿಂದ ವಿದ್ಯುತ್ ತೆಗೆದು ಮುಂದಕ್ಕೆ ಬಿಡುವ ಯೋಜನೆಗಳು. ಗೇಟು ಇಳಿಸಿದರೆ ಕೆಲವು ದಿನ ಕೆಳಗಿನವರಿಗೆ ತೊಂದರೆ ಕೊಡಬಹುದು. ಮಳೆಗಾಲದಲ್ಲಿ ಅದೂ ಸಾಧ್ಯವಿಲ್ಲ. ಸಂಗ್ರಹವನ್ನೂ ಕಾಲುವೆಗಳನ್ನೂ ಕಟ್ಟಲು ವರ್ಷಗಳೇ ಬೇಕು.

ಇನ್ನೊಂದು ಮಾತು. ಬ್ರಹ್ಮಪುತ್ರದ ಮೇಲ್ದಂಡೆಯಲ್ಲಿ ಕುಳಿತಿರುವುದು ಚೀನಾ. ಅಸ್ಸಾಂ ಕಡೆಗೆ ನದಿ ತಿರುಗುವ ತಿರುವಿನ ಬಳಿ 2025ರ ಜುಲೈನಲ್ಲಿ ಅವರು ಭಾರಿ ಜಲವಿದ್ಯುತ್ ಯೋಜನೆಯ ಕೆಲಸ ಆರಂಭಿಸಿದರು. ಮೇಲಿನವರಿಗೆ ಇಷ್ಟ ಬಂದಂತೆ ಮಾಡುವ ಹಕ್ಕಿದೆ ಎಂದು ನಾವು ಒಂದು ಕಡೆ ಘೋಷಿಸಿದರೆ, ಇನ್ನೊಂದು ಕಡೆ ಅದೇ ಮಾತು ಚೀನೀ ಭಾಷೆಯಲ್ಲಿ ಕೇಳಿಸುತ್ತದೆ. ಕಾವೇರಿಯ ಮೇಲ್ದಂಡೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಮೂರನೇ ಮಹಾಯುದ್ಧ ನೀರಿಗಾಗಿಯೇ ನಡೆಯುತ್ತದಂತೆ, ನಿಜವೇ?
– ಗೃಹಿಣಿ, ಬೆಳ್ಳಂದೂರು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ 2024ರ ಮಾರ್ಚಿನಲ್ಲೇ ಅದು ಮುಗಿದು ನಾಲ್ಕನೆಯದು ಶುರುವಾಗಿತ್ತು, ತಾಯಿ. ದೇಶ ದೇಶಗಳ ನಡುವೆ ನೀರಿಗಾಗಿ ಯುದ್ಧಕ್ಕಿಂತ ಒಪ್ಪಂದಗಳೇ ಹೆಚ್ಚು ನಡೆದಿವೆ. ನನಗೆ ಭಯ ಒಳಗಿನದು. 1991ರ ಡಿಸೆಂಬರ್, 2016ರ ಸೆಪ್ಟೆಂಬರ್ 12: ಎರಡು ಸಲ ಕಾವೇರಿಯ ಹೆಸರಿನಲ್ಲಿ ಈ ಊರು ಉರಿದಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಬಾಯಾರಿಕೆಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಆದರೂ 2023ರಲ್ಲಿ ಮುಂಗಾರು ಕೈಕೊಟ್ಟ ಕೂಡಲೇ ಬಂದ್ ಆಯಿತು. ಮಳೆ ಚೆನ್ನಾಗಿ ಬಂದ ವರ್ಷ ನೋಡಿ, ಎರಡೂ ಕಡೆಯ ವೀರರು ತೆಪ್ಪಗಿರುತ್ತಾರೆ.

ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದೇನೆ. ಇನ್ನು ಕೊಲ್ಲಿ ರಾಷ್ಟ್ರಗಳ ಎಣ್ಣೆಯ ಹಂಗು ನನಗಿಲ್ಲ ಎನ್ನಬಹುದೇ?
– ಕಾಲೇಜು ಉಪನ್ಯಾಸಕಿ, ಬನಶಂಕರಿ

ಎಣ್ಣೆಯ ಹಂಗು ಕಡಿಮೆಯಾಯಿತು, ಅಭಿನಂದನೆ. ಈಗ ಆಯಸ್ಕಾಂತದ ಹಂಗು. ನಿಮ್ಮ ಸ್ಕೂಟರಿನ ಮೋಟಾರಿನಲ್ಲಿರುವುದು ಬಹುಶಃ ನಿಯೋಡಿಮಿಯಂ ಆಯಸ್ಕಾಂತ. ಬಿಸಿಯಲ್ಲಿ ಅದು ಬಲ ಕಳೆದುಕೊಳ್ಳದಿರಲು ಡಿಸ್ಪ್ರೋಸಿಯಂ, ಟರ್ಬಿಯಂ ಬೆರೆಸುತ್ತಾರೆ. ಈ ವಿರಳ ಲೋಹಗಳ ಸಂಸ್ಕರಣೆ ಬಹುಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್ 4ರಂದು ಅವರು ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ತಯಾರಕರು ಪರದಾಡಿದರು. ಕ್ಷಿಪಣಿಗಳಿಗೂ ರಾಡಾರುಗಳಿಗೂ ಬೇಕಾಗುವುದು ಇದೇ ಲೋಹಗಳು.

ಎಣ್ಣೆಗಾದರೆ ನಮ್ಮಲ್ಲಿ ಗುಹೆಗಳಿವೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ, ಬಂಡೆಯೊಳಗೆ ಕೊರೆದ ಈ ಗುಹೆಗಳು ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಕಚ್ಚಾ ತೈಲ. ತುರ್ತಿಗೆಂದು ಕೂಡಿಟ್ಟ ಈ ಎಣ್ಣೆಯ ಮುಕ್ಕಾಲು ಪಾಲು ಕರ್ನಾಟಕದ ನೆಲದಡಿ ಇರುವುದು ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಆಯಸ್ಕಾಂತಕ್ಕೆ ಅಂಥ ಉಗ್ರಾಣವಿಲ್ಲ. ಕೇರಳ, ಒಡಿಶಾ ಕರಾವಳಿಯ ಮರಳಿನಲ್ಲಿ ಅದಿರಿದೆ. ಅದಿರಿನಿಂದ ಆಯಸ್ಕಾಂತದವರೆಗಿನ ಕಾರ್ಖಾನೆಗಳ ಸರಪಳಿಯನ್ನು ನಾವು ಬೆಳೆಸಲಿಲ್ಲ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಸಿಕ್ಕಿತೆಂದು ಪಟಾಕಿ ಹೊಡೆದವರಿಗೆ: ಅಂದಾಜು 1,600 ಟನ್. ಪಟಾಕಿ ಉಳಿಸಿಕೊಳ್ಳಿ.

ಹವಾಮಾನ ಭದ್ರತೆಯ ವಿಷಯ ಎನ್ನುತ್ತೀರಿ, ವಿಶ್ವಸಂಸ್ಥೆಯಲ್ಲಿ ಭಾರತವೇ ಅದರ ವಿರುದ್ಧ ಮತ ಹಾಕಿತಲ್ಲ?
– ವಕೀಲರು, ಮಲ್ಲೇಶ್ವರ

ಹೌದು, 2021ರ ಡಿಸೆಂಬರ್ 13ರಂದು. ಹವಾಮಾನವನ್ನು ಭದ್ರತೆಯ ವಿಷಯವಾಗಿ ನೋಡಬೇಕೆಂದು ಐರ್ಲೆಂಡ್ ಮತ್ತು ನೈಜರ್ ತಂದ ಕರಡು ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ 12 ಮತ ಬಿತ್ತು. ಭಾರತ, ರಷ್ಯಾ ವಿರೋಧಿಸಿದವು, ಚೀನಾ ತಟಸ್ಥ. ರಷ್ಯಾದ ವೀಟೊದಿಂದ ಅದು ಬಿದ್ದುಹೋಯಿತು. ಹವಾಮಾನದ ಚರ್ಚೆ ಎಲ್ಲ ದೇಶಗಳೂ ಕೂರುವ ಹವಾಮಾನ ಒಪ್ಪಂದದ ಸಭೆಯಲ್ಲೇ ನಡೆಯಲಿ ಎಂಬುದು ನಮ್ಮ ವಾದ. ಅತಿ ಹೆಚ್ಚು ಹೊಗೆ ಬಿಟ್ಟವರೇ ವೀಟೊ ಹಿಡಿದು ಕೂತಿರುವ ಕಡೆ ಬಡದೇಶಗಳ ಬರಗಾಲದ ವಿಚಾರಣೆ ಬೇಡ ಎಂಬ ಆ ಮತ ಸರಿ ಎಂದೇ ನನಗನಿಸುತ್ತದೆ. ಆದರೆ ಆ ಮತದಿಂದ ಸಿಕ್ಕಿಮಿನ ಸರೋವರಕ್ಕೆ ಏನೂ ತಿಳಿಯುವುದಿಲ್ಲ.

ಈ ವಿಷಯವನ್ನೇ ಓದಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಎಲ್ಲಿ ವಿಚಾರಿಸಲಿ?
– ಬಿಎಸ್ಸಿ ವಿದ್ಯಾರ್ಥಿನಿ, ಕೆಂಗೇರಿ

ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಹಿಮಾಲಯದ ಹಿಮನದಿಗಳನ್ನು ಅಧ್ಯಯನ ಮಾಡುತ್ತಾರೆ. ಅದೇ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಭದ್ರತೆಯ ಕುರಿತು ಕೆಲಸ ಮಾಡುವವರಿದ್ದಾರೆ. ಮೊದಲು ಎರಡರ ಜಾಲತಾಣ ನೋಡಿ, ಉಪನ್ಯಾಸಗಳಿದ್ದರೆ ಹೋಗಿ ಹಿಂದಿನ ಸಾಲಿನಲ್ಲಾದರೂ ಕುಳಿತುಕೊಳ್ಳಿ. ಗಣಿತವನ್ನು ಮಾತ್ರ ಬಿಡಬೇಡಿ.