ಗಡ್ಡೆ ಒತ್ತುವುದಷ್ಟೇ ಅಲ್ಲ

ಪ್ರಶ್ನೆ: ಮೆದುಳಿನ ಗಡ್ಡೆ ಪಕ್ಕದ ಭಾಗವನ್ನು ಒತ್ತುವುದರಿಂದ ಫಿಟ್ಸ್ ಬರುತ್ತದೆ ಎಂದುಕೊಂಡಿದ್ದೆ. ಗಡ್ಡೆಯ ಕೋಶಗಳು ನೆರೆಯ ಒಳ್ಳೆಯ ಕೋಶಗಳ ನಡವಳಿಕೆಯನ್ನೇ ಬದಲಿಸುತ್ತವಂತೆ. ಹೇಗೆ?

ಉತ್ತರ: ಒತ್ತಡದ ಪಾತ್ರ ಇದ್ದೇ ಇದೆ. ಆದರೆ ಸಣ್ಣ ಗಡ್ಡೆಯಿಂದಲೂ ಫಿಟ್ಸ್ ಬರುವುದುಂಟು. ಅದಕ್ಕೆ ಒತ್ತಡವೊಂದೇ ಉತ್ತರವಾಗದು. ನರಕೋಶಗಳ ಪೋಷಕ ಕೋಶಗಳಿಂದ ಹುಟ್ಟುವ ಗ್ಲಿಯೋಮಾ ಜಾತಿಯ ಗಡ್ಡೆಗಳಲ್ಲಿ ಮೊದಲು ನೋಡಬೇಕಾದದ್ದು ಗ್ಲುಟಮೇಟ್ ಕಡೆಗೆ. ನರಕೋಶಗಳನ್ನು ಉದ್ರೇಕಿಸುವ ಈ ರಾಸಾಯನಿಕ ಹೊರಬಿದ್ದ ಕೂಡಲೇ ಪೋಷಕ ಕೋಶಗಳಾದ ಆಸ್ಟ್ರೋಸೈಟ್‌ಗಳು ಅದನ್ನು ಹೀರಿಕೊಳ್ಳಬೇಕು. ಗಡ್ಡೆಯ ಕೋಶ ಮಾಡುವುದು ಇದಕ್ಕೆ ತದ್ವಿರುದ್ಧ. ತನ್ನ ರಕ್ಷಣೆಗೆ ಬೇಕಾದ ಗ್ಲುಟಾಥಯೋನ್ ತಯಾರಿಸಲು ಅದು ಸಿಸ್ಟಿನ್ ಎಂಬ ಅಮೈನೋ ಆಮ್ಲವನ್ನು ಒಳಗೆಳೆದುಕೊಳ್ಳುತ್ತದೆ, ಬದಲಿಗೆ ಗ್ಲುಟಮೇಟನ್ನು ಹೊರಗೆ ಬಿಡುತ್ತದೆ. ಸುತ್ತಲಿನ ನರಕೋಶಗಳು ಮಿತಿಮೀರಿ ಕೆರಳುತ್ತವೆ. ಕೆಲವು ಸತ್ತೇ ಹೋಗುತ್ತವೆ, ಗಡ್ಡೆಗೆ ಜಾಗ ತೆರವಾಗುತ್ತದೆ.

ಕೆರಳಿದ ನರಕೋಶಗಳಿಂದ ಗಡ್ಡೆಗೂ ಲಾಭವಿದೆ. ಚಟುವಟಿಕೆಯಲ್ಲಿರುವ ನರಕೋಶಗಳ ಸುತ್ತ ನ್ಯೂರೋಲಿಜಿನ್-3 ಎಂಬ ಪ್ರೋಟೀನು ಬಿಡುಗಡೆಯಾಗಿ ಗಡ್ಡೆಯನ್ನು ಬೆಳೆಸುತ್ತದೆ ಎಂದು 2015ರಲ್ಲಿ ಗೊತ್ತಾಯಿತು. 2019ರಲ್ಲಿ ಪ್ರಕಟವಾದದ್ದು ಇನ್ನೂ ಬೆರಗಿನ ಸಂಗತಿ: ನರಕೋಶಗಳು ಗಡ್ಡೆಯ ಕೋಶಗಳೊಂದಿಗೆ, ಸಂದೇಶ ದಾಟಿಸುವ ನಿಜವಾದ ಸಂಧಿಗಳಾದ ಸೈನಾಪ್ಸ್‌ಗಳನ್ನೇ ಕಟ್ಟಿಕೊಂಡಿರುತ್ತವೆ. ಗಡ್ಡೆಯ ಕೋಶದ ಮೇಲಿನ ಆಂಪಾ ಗ್ರಾಹಕಗಳು ಗ್ಲುಟಮೇಟ್ ಸಂದೇಶವನ್ನು ಹಿಡಿಯುತ್ತವೆ, ಬೆಳವಣಿಗೆ ಚುರುಕಾಗುತ್ತದೆ. ಸಂಕೇತ ಒಂದು ಕೋಶದಲ್ಲೇ ನಿಲ್ಲುವುದೂ ಇಲ್ಲ. ಉದ್ದನೆಯ ಸೂಕ್ಷ್ಮ ಎಳೆಗಳ ಮೂಲಕ ಗಡ್ಡೆಯ ಇತರ ಕೋಶಗಳಿಗೂ ಹರಡುತ್ತದೆ.

ಮೈಕ್ರೋಗ್ಲಿಯಾ ಮೆದುಳಿನ ಕಾವಲು ಕೋಶಗಳು. ಗಡ್ಡೆ ರಾಸಾಯನಿಕ ಸಂಕೇತ ಕಳಿಸಿ ಇವನ್ನೂ, ರಕ್ತದಿಂದ ಬರುವ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನೂ ತನ್ನತ್ತ ಕರೆಸಿಕೊಂಡು ಒಲಿಸಿಕೊಳ್ಳುತ್ತದೆ. ಗ್ಲಿಯೋಮಾಗಳಲ್ಲೇ ಅತಿ ಉಗ್ರವಾದ ಗ್ಲಿಯೋಬ್ಲಾಸ್ಟೋಮಾದಲ್ಲಿ ಒಟ್ಟು ಕೋಶಗಳ ಮೂರನೇ ಒಂದು ಭಾಗದಷ್ಟು ಇವೇ ಇರಬಹುದು. ಗಡ್ಡೆಯನ್ನು ಕೊಲ್ಲಬೇಕಾದ ಈ ಕೋಶಗಳು ದಾಳಿ ಬಿಟ್ಟು, ಅಂಗಾಂಶದ ಹೆಣಿಗೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸಿ ಗಡ್ಡೆಗೆ ದಾರಿ ಬಿಡಿಸುತ್ತವೆ.

ಪ್ರಶ್ನೆ: ಹಾಗಾದರೆ ಈ ಸಂಪರ್ಕವನ್ನು ಔಷಧದಿಂದ ಕಡಿಯಬಹುದಲ್ಲವೇ?

ಉತ್ತರ: ಇಲಿಗಳಲ್ಲಿ ಆಗಿದೆ. ಆಂಪಾ ಗ್ರಾಹಕವನ್ನು ತಡೆಯುವ, ಈಗಾಗಲೇ ಫಿಟ್ಸ್‌ಗೆ ಬಳಕೆಯಲ್ಲಿರುವ ಪೆರಾಂಪನೆಲ್ ಮಾತ್ರೆಯಿಂದ ಗಡ್ಡೆಯ ಬೆಳವಣಿಗೆ ನಿಧಾನವಾಯಿತು. ಇಲಿಯ ಫಲಿತಾಂಶ ಮನುಷ್ಯರಲ್ಲಿ ಕೈಕೊಡುವುದು ಹೊಸದಲ್ಲ: ಮೈಕ್ರೋಗ್ಲಿಯಾವನ್ನು ಗುರಿಯಾಗಿಸಿದ ಒಂದು ಔಷಧ ಇಲಿಗಳಲ್ಲಿ ಗೆದ್ದು, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಫಲ ಕೊಡಲಿಲ್ಲ. ಆದ್ದರಿಂದ ಲೇಖನ ಓದಿ ಫಿಟ್ಸ್ ಮಾತ್ರೆ ಬದಲಿಸಬೇಡಿ, ನಿಲ್ಲಿಸಲೂಬೇಡಿ. ಹಠಾತ್ತನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ಬಾವು ಇಳಿಸಲು ಕೊಡುವ ಡೆಕ್ಸಾಮೆಥಸೋನ್ ಕೂಡ ಹಾಗೆಯೇ. ಅದರ ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.